ದಾಲ್ ಮಿಲ್ಲಿನ ಖಾಲಾ

ಸಂಜೆ ಮಿಲ್ಲಿನಿಂದ ಬರುವಾಗ ಅವರ ರೆಪ್ಪೆಗೂದಲ ಮೇಲೆ ತೊಗರಿ ಹೊಟ್ಟಿನ ಧೂಳು ಕೂತಿರುತ್ತಿತ್ತು. ಮುಖ ತೊಳೆದರೂ ಕತ್ತಿನ ಗೆರೆಗಳಲ್ಲಿ ಹಳದಿ ಉಳಿಯುತ್ತಿತ್ತು. ಆಳಂದದ ನಮ್ಮ ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಮ್ಮದು ಬೌದ್ಧರ ಮನೆ, ಅವರದು ಪಕ್ಕದ್ದು. ನಡುವೆ ಒಂದೇ ಗೋಡೆ.

ನನ್ನ ಗಂಡ ಅಫಜಲಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದು ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಒಂದು ದಿನ ಮಕ್ಕಳ ಹಾಜರಿ ಕೂಗುತ್ತಿದ್ದಾಗಲೇ ಬೆರಳು ಮರಗಟ್ಟಿದವು, ಎದೆ ಹಿಡಿದುಕೊಂಡಿತು, ಎಷ್ಟು ಎಳೆದರೂ ಉಸಿರು ಸಾಲದಾಯಿತು. ಡಾಕ್ಟರು ಎದೆಗೆ ತಂತಿ ಹಚ್ಚಿ ನೋಡಿ, ಹೃದಯ ಚೆನ್ನಾಗಿದೆ, ಇದು ಗಾಬರಿ ಎಂದರು. ಗಾಬರಿ ಎಂದು ಗೊತ್ತಾದ ಮಾತ್ರಕ್ಕೆ ಅದೇನೂ ಬಿಟ್ಟು ಹೋಗಲಿಲ್ಲ.

ಮುಂದಿನ ಸಲ ಅದು ಬಂದಾಗ ಮನೆಯ ಹೊಸ್ತಿಲಲ್ಲಿದ್ದೆ. ಖಾಲಾ ಕೆಲಸದಿಂದ ಬಂದವರು ಹಾಗೇ ಬಂದು ಕುಳಿತರು. ನನ್ನ ಅಂಗೈ ಹಿಡಿದು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ಎಳೀಬ್ಯಾಡ ಬೇಟಿ. ಮೊದಲ ಬಿಡು. ಪೂರಾ ಬಿಡು. ಒಳಗ ಬರೋದು ತಾನೇ ಬರ್ತದ."

"ಸಾಯಾಕತ್ತೇನಿ ಖಾಲಾ."

"ಇಲ್ಲ. ಹೆದರಾಕತ್ತಿ. ನನ್ನ ಹೊಟ್ಟಿ ನೋಡು, ಅದರ ಸಂಗಾಟ ಬಾ. ಅವಸರ ಏನದ? ಯಾರೂ ನಿನ್ನ ಉಸುರು ಕಸ್ಕೊಳ್ಳಾಕ ಬಂದಿಲ್ಲ."

ಅವರ ಹೊಟ್ಟೆ ನಿಧಾನ ಏರಿ, ಇನ್ನೂ ನಿಧಾನ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ನನ್ನ ಉಸಿರೂ ಅದರ ಜೊತೆಗೆ ಬಂತು. ಬೆರಳಿಗೆ ಬಿಸಿ ಮರಳಿತು.

ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಾಗ, "ಮಿಲ್ಲಿನ್ಯಾಗ" ಎಂದರು. ಹೊಟ್ಟಿನ ಧೂಳಿನಲ್ಲಿ ಅವಸರದಿಂದ ಉಸಿರೆಳೆದರೆ ಕೆಮ್ಮು ಬಿಡುತ್ತಿರಲಿಲ್ಲವಂತೆ. ಬಾಯಿಗೆ ಸೆರಗು ಕಟ್ಟಿಕೊಂಡು ತಡೆದು ತಡೆದು ಉಸಿರಾಡುವುದು ರೂಢಿಯಾಗಿತ್ತು. ಅವರ ಮಗಳು ಹೆರಿಗೆಯಲ್ಲಿ ಹೋದಾಗಲೂ ಹೀಗೇ ಕೂತಿದ್ದರಂತೆ. ಮಗಳ ಬಗ್ಗೆ ಅವರು ಹೇಳಿದ್ದು ಅಷ್ಟೇ.

ಆಮೇಲೆ ಹಲವು ತಿಂಗಳು ಸಂಜೆ ಇಬ್ಬರೂ ಹೊಸ್ತಿಲಲ್ಲಿ ಕೂಡುತ್ತಿದ್ದೆವು. ಚಹಾ ಆರುವವರೆಗೆ ಮಾತಿಲ್ಲ, ಬರೀ ಉಸಿರು. ನಾನು ಮತ್ತೆ ಪಾಠ ಮಾಡಿದೆ, ಅನ್ನ ಸೇರಿತು.

ಆದರೆ ಅವರ ಉಸಿರು ಸಣ್ಣದಾಗುತ್ತ ಬಂತು. ಮೊದಲು ಮಾಳಿಗೆಯ ಏಣಿ ಹತ್ತುವುದನ್ನು ಬಿಟ್ಟರು, ಆಮೇಲೆ ನೀರಿನ ಕೊಡ ಹೊರುವುದನ್ನು, ಆಮೇಲೆ ನಮಾಜಿಗೆ ಬಗ್ಗುವುದನ್ನು. ಕಲಬುರಗಿಯ ಡಾಕ್ಟರು ಎದೆಯ ಚಿತ್ರ ತೆಗೆಸಿ, ಧೂಳಿಗೆ ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಸಡಿಲವಾಗುವುದಿಲ್ಲ ಎಂದರು. ಮಿಲ್ಲು ಬಿಟ್ಟರೂ ಪ್ರಯೋಜನವಾಗಲಿಲ್ಲ. ಅವರ ಮಗ ಆಮ್ಲಜನಕದ ಯಂತ್ರವನ್ನು ಬಾಡಿಗೆಗೆ ತಂದು ಮಂಚದ ಪಕ್ಕ ಇಟ್ಟ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿತು. ಮಗ ಗಾಡಿ ತರಲು ಓಡಿದ. ನಾನು ಮಂಚದ ಮೇಲೆ ಕುಳಿತು ಅವರ ಹೊಟ್ಟೆಯ ಮೇಲೆ ಕೈಯಿಟ್ಟೆ. ತುಟಿ ನೀಲಿಯಾಗಿತ್ತು.

"ಖಾಲಾ, ಮೊದಲ ಬಿಡ್ರಿ. ನನ್ನ ಸಂಗಾಟ ಬರ್ರಿ."

ಅವರು ಪ್ರಯತ್ನಿಸಿದರು, ನನಗೋಸ್ಕರ. ಹೊಟ್ಟೆ ಏಳಲೇ ಇಲ್ಲ. ಭುಜಗಳು ಮಾತ್ರ ಏಳುತ್ತಿದ್ದವು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಸುಮ್ನ ಕೂಡು ಬೇಟಿ. ಇದು ಹೆದರಿಕಿ ಅಲ್ಲ."

ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗಲೂ ನನಗೆ ಎದೆ ಹಿಡಿದುಕೊಳ್ಳುತ್ತದೆ. ಅವರು ಕಲಿಸಿದಂತೆಯೇ ಪೂರಾ ಬಿಟ್ಟು, ಕಾಯ್ದು, ತಾನೇ ಬರಲು ಬಿಡುತ್ತೇನೆ. ಗಾಬರಿ ಇಳಿಯುತ್ತದೆ, ಅವರ ಮಾತು ಒಮ್ಮೆಯೂ ಸುಳ್ಳಾಗಿಲ್ಲ. ಇಳಿದ ಮೇಲೆ ಉಳಿಯುವುದು ದುಃಖ. ಅದನ್ನು ಇಳಿಸುವುದು ಹೇಗೆಂದು ಖಾಲಾ ಹೇಳಿಕೊಡಲಿಲ್ಲ. ಅವರಿಗೂ ಗೊತ್ತಿರಲಿಲ್ಲವೇನೋ.