ಒಂದು ಸೇರು ಭಯ

ನಮ್ಮ ಪಿ.ಟಿ. ಮೇಡಂ ಕತ್ತು ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಬಾಗಿಲು ತೆರೆದ ಹಾಗೆ ಪೂರ್ತಿ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಕೊರಳಲ್ಲಿದ್ದ ಸೀಟಿ ಒಂದು ಸಲ ತೂಗಿ ಎದೆಗೆ ಬಡಿಯುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಬಿಟ್ಟುಕೊಡುತ್ತಿದ್ದರು, ಎದುರಿಗಿರುವ ಸೀಟಿನ ಬೆನ್ನು ಬಿಟ್ಟರೆ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲವಲ್ಲ. ಅಂಥವರು ನಮಗೆ ಗಾಳಿಯಲ್ಲಿ ಲಾಗ ಹಾಕುವುದನ್ನು ಕಲಿಸಿದರು ಅಂದರೆ ಈಗಲೂ ಯಾರೂ ನಂಬುವುದಿಲ್ಲ.

ನನ್ನದು ಬಲಸಮುದ್ರದ ಕಡೆ. ಆಗಿನ್ನೂ ಸೋಲಾರ್ ಹಲಗೆಗಳು ಬಂದಿರಲಿಲ್ಲ, ನಮ್ಮ ಹೊಲದ ತುಂಬ ಕಡ್ಲೆಕಾಯಿ. ಹೈಸ್ಕೂಲಿನ ಹಿಂದೆ ಮೇಡಂ ಒಂದು ದೊಡ್ಡ ಗುಂಡಿ ತೋಡಿಸಿದ್ದರು. ಪೇಟೆಯ ಶಾಲೆಗಳಲ್ಲಿ ಹಾರಿ ಬೀಳುವುದಕ್ಕೆ ದಪ್ಪ ಸ್ಪಂಜಿನ ಹಾಸಿಗೆ ಇರುತ್ತದಂತೆ. ನಮಗೆಲ್ಲಿಂದ ಬರಬೇಕು? ಮೇಡಂ ಕಡ್ಲೆಕಾಯಿ ಮಿಲ್ಲಿಗೆ ಹೋಗಿ ಟ್ರ್ಯಾಕ್ಟರಿನಲ್ಲಿ ಸಿಪ್ಪೆ ಹೊಡೆಸಿಕೊಂಡು ಬಂದು ಗುಂಡಿ ತುಂಬಿಸುತ್ತಿದ್ದರು. ಎದೆಮಟ್ಟ ಸಿಪ್ಪೆ. ಬಿದ್ದರೆ ಬುಸ್ ಅಂತ ಒಳಗೆ ಇಳಿಯಬೇಕು, ಮೂಗು ಬಾಯಿ ಎಲ್ಲ ಧೂಳು. ಮನೆಗೆ ಹೋಗಿ ಜಡೆ ಬಿಚ್ಚಿದರೆ ಅಮ್ಮನ ಮಡಿಲಿಗೆ ಸಿಪ್ಪೆ ಉದುರುತ್ತಿತ್ತು.

ದಿನಾ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮೇಡಂ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಗುಂಡಿಯ ಒಳಗೆ ಈ ತುದಿಯಿಂದ ಆ ತುದಿಗೆ ಕಾಲಾಡಿಸುತ್ತ ನಡೆಯುತ್ತಿದ್ದರು. ಕಲ್ಲು, ಜಾಲಿಮುಳ್ಳು, ಒಂದೊಂದು ಸಲ ಚೇಳು. ಬಗ್ಗಿ ನೋಡುವುದಕ್ಕೆ ಕತ್ತು ಬಗ್ಗದು, ಹಾಗಾಗಿ ಕಾಲಲ್ಲೇ ಹುಡುಕುವುದು. "ನೀವ್ಯಾಕೆ ಮೇಡಂ, ನಾವು ಹುಡುಕ್ತೀವಿ" ಅಂದರೆ, "ನಂಗೆ ಚುಚ್ಚಿದ್ರೆ ಕಾಲಿಗೆ ಚುಚ್ತದೆ. ನೀವು ತಲೆಕೆಳಗಾಗಿ ಬರೋರು, ಕಣ್ಣಿಗೆ ಚುಚ್ತದೆ. ಸುಮ್ನೆ ನಿಂತ್ಕಳಿ" ಅನ್ನುತ್ತಿದ್ದರು.

ಮೊದಲು ಹಾರುವುದನ್ನು ಕಲಿಸಲೇ ಇಲ್ಲ. ಬೀಳುವುದನ್ನು ಕಲಿಸಿದರು. ಮುಂದಕ್ಕೆ ಬೀಳು, ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು. ಗದ್ದ ಎದೆಗೆ ಒತ್ತಿಕೋ, ಬೆನ್ನು ದುಂಡಗೆ ಮಾಡು, ಭುಜದ ಮೇಲೆ ಉರುಳು. ಎಲ್ಲಕ್ಕಿಂತ ಹೆಚ್ಚಾಗಿ, ಕೈ ಊರಬೇಡ. "ಬೀಳೋವಾಗ ಕೈ ನೆಲ ಹುಡುಕ್ತದೆ. ಅದರ ಮಾತು ಕೇಳ್ಬ್ಯಾಡ್ರಿ" ಅನ್ನುವುದು ಅವರ ಪಲ್ಲವಿ. ನನಗೋ ರೇಗಿ ಹೋಗುತ್ತಿತ್ತು. ರಾಗಿ ಮೂಟೆ ಥರ ದಿನಾ ಬೀಳುವುದಕ್ಕೆ ಇವರ ಹತ್ತಿರ ಬರಬೇಕಿತ್ತಾ, ಅದನ್ನು ಹುಟ್ಟಿದಾಗಿನಿಂದ ಮಾಡಿಕೊಂಡೇ ಬಂದಿದ್ದೇನೆ ಅಂತ ಗೊಣಗುತ್ತಿದ್ದೆ.

ಗುಂಡಿಯ ದಂಡೆಯಲ್ಲಿ ಹಾರುವುದಕ್ಕೆ ಕಟ್ಟಿದ್ದ ಎತ್ತರದ ಹಲಗೆ ಹತ್ತುವ ಕಾಲ ಬಂದ ಮೇಲೆ ಅವರದ್ದೊಂದು ಪದ್ಧತಿ. ಹಾರುವ ಮುಂಚೆ ಒಬ್ಬೊಬ್ಬರನ್ನೂ ಕರೆದು ಕೇಳುತ್ತಿದ್ದರು: "ಇವತ್ತು ಭಯ ಎಷ್ಟೈತೆ? ಚಟಾಕಾ, ಪಾವಾ, ಸೇರಾ?"

ಚಟಾಕು ಅಂದರೆ ಹೊಸದನ್ನು ಹಾರಬಹುದು. ಪಾವು ಅಂದರೆ ನಿನ್ನೆ ಹಾರಿದ್ದನ್ನೇ ಇವತ್ತೂ ಹಾರಬೇಕು, ಮೇಲಕ್ಕೆ ಹೋಗುವ ಹಾಗಿಲ್ಲ. ಸೇರು ಅಂದರೆ ಹಾರುವುದೇ ಇಲ್ಲ, ಗುಂಡಿಯ ದಂಡೆಯಲ್ಲಿ ಕೂತು ಸಿಪ್ಪೆಯಲ್ಲಿ ಕಲ್ಲು ಆರಿಸಬೇಕು, ಮೇಡಂ ಕೂಡ ಪಕ್ಕದಲ್ಲೇ ಕೂತು ಆರಿಸುತ್ತಿದ್ದರು. ಬೈಯುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಎದೆಯುಬ್ಬಿಸಿ "ನಂಗೆ ಭಯಾನೇ ಇಲ್ಲ ಮೇಡಂ" ಅಂದರೋ, ಮುಗಿಯಿತು. "ಹಂಗಾದ್ರೆ ಮನೇಗ್ ನಡಿಯಮ್ಮ. ಭಯ ಇಲ್ದೋರ್ನ ಹಿಡ್ಕಳಕ್ಕೆ ನನ್ ಕೈಲಾಗಲ್ಲ" ಅಂತ ಕಳಿಸಿಬಿಡುತ್ತಿದ್ದರು. ನಾನೂ ಒಂದು ಸಲ ಹಾಗೆ ಮನೆ ಕಂಡಿದ್ದೇನೆ.

ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲಿ ನಾನು ಕೈ ಮುರಿದುಕೊಂಡೆ. ಗುಂಡಿಯಲ್ಲಲ್ಲ, ನಮ್ಮ ಕಣದಲ್ಲಿ. ಚಿಕ್ಕಪ್ಪನ ಮಕ್ಕಳು ಬಂದಿದ್ದರು, ಅವರ ಮುಂದೆ ಎತ್ತಿನ ಗಾಡಿಯ ಮೂಕಿಮರ ಹತ್ತಿ ಒಂದು ಲಾಗ ಹಾಕಿ ತೋರಿಸಿದೆ. ಕೈ ನೆಲ ಹುಡುಕಿತು, ನಾನು ಅದರ ಮಾತು ಕೇಳಿದೆ. ಮಣಿಕಟ್ಟು ಲಟ್ ಅಂದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಮೂಳೆಗೆ ಪುತ್ತೂರು ಕಟ್ಟು ಹಾಕಿಸಿದರು. ಅಮ್ಮ ನನ್ನ ಆಟದ ಚಡ್ಡಿಯನ್ನು ಒಲೆಗೆ ಹಾಕಿದಳು.

ಸುದ್ದಿ ಕೇಳಿ ಮೇಡಂ ಮನೆಗೆ ಬಂದರು. ಅಮ್ಮ ಆಂಧ್ರದ ಕಡೆಯವಳು, ಸಿಟ್ಟು ಬಂದರೆ ಎರಡೂ ಭಾಷೆ ಒಟ್ಟಿಗೆ ಬರುತ್ತಿದ್ದವು. "ವದ್ದು ಮೇಡಂ, ಇನ್ನು ಬ್ಯಾಡ. ಚೆಯ್ಯಿ ಸೊಟ್ಟ ಆಗೋದ್ರೆ ಎವರು ಚೇಸ್ಕುಂಟಾರು, ಯಾರು ಮದ್ವೆ ಆಗ್ತಾರೆ ಇವಳ್ನ? ಗಂಡ್ಮಕ್ಳ ಆಟ ಇವಳಿಗ್ಯಾಕೆ?" ಅಂತ ಒಂದೇ ಸಮ ಎಗರಾಡಿದಳು.

ಮೇಡಂ ಕಾಫಿ ಲೋಟ ಕೆಳಗಿಟ್ಟು, ಮೈ ತಿರುಗಿಸಿ ಅಮ್ಮನ ಎದುರಿಗೆ ಕೂತರು. "ನನ್ ಕತ್ತು ನೋಡಿದೀರಲ್ಲಮ್ಮ. ಹುಟ್ಟಿದಾಗ್ಲಿಂದ ಇಂಗಿರ್ಲಿಲ್ಲ. ಕಾಲೇಜಲ್ಲಿದ್ದಾಗ ನಮಗೆ ಕಲಿಸೋರೊಬ್ರಿದ್ರು. ನಂಗೆ ಅವತ್ತು ಕೈ ಕಾಲು ಆಡ್ತಿರ್ಲಿಲ್ಲ, ಸಾರ್ ಭಯ ಆಗ್ತೈತೆ ಅಂದೆ. ಏನೂ ಆಗಲ್ಲ, ಧೈರ್ಯ ಮಾಡು ಅಂದ್ರು. ಹಾರ್ಬುಟ್ಟೆ. ಇಂಗಾಯ್ತು."

ಅಮ್ಮ ಅವರ ಕತ್ತಿನ ಕಡೆಗೆ ನೋಡಿದಳು.

"ಅದ್ಕೇ ನಾನು ಯಾವ ಮಗೂಗೂ ಏನೂ ಆಗಲ್ಲ ಅನ್ನಲ್ಲ. ಆಗ್ತದೆ ಕಣಮ್ಮ, ಯಾಕಾಗಲ್ಲ? ಪಕ್ಕದಲ್ಲಿ ನಾನಿರ್ತೀನಿ ಅಂತೀನಿ, ಅಷ್ಟೇ. ಕಳಿಸೋದು ಬುಡೋದು ನಿಮಗೆ ಸೇರಿದ್ದು."

ಕಟ್ಟು ಬಿಚ್ಚಿದ ಮೇಲೆ ಹೊಸ ಚಡ್ಡಿ ಹೊಲಿಸಿ ಕೊಟ್ಟವಳು ಅಮ್ಮನೇ.

ಆದರೆ ಕಟ್ಟು ಬಿಚ್ಚಿದಷ್ಟು ಸುಲಭಕ್ಕೆ ಭಯ ಬಿಚ್ಚಲಿಲ್ಲ. ಹಲಗೆಯ ಹತ್ತಿರ ಹೋದರೆ ಲಟ್ ಅನ್ನುವ ಸದ್ದು ಕೇಳಿಸುತ್ತಿತ್ತು. "ಎಷ್ಟು?" "ಸೇರು ಮೇಡಂ." ಮಾರನೇ ದಿನ, "ಎಷ್ಟು?" "ಸೇರೇ ಮೇಡಂ." ಉಳಿದವರು ಹಕ್ಕಿಗಳ ಹಾಗೆ ಹಾರುತ್ತಿದ್ದರು, ನಾನು ಮೇಡಂ ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದೆ. ಸಿಪ್ಪೆಯೊಳಗೆ ಒಡೆಯದೆ ಉಳಿದ ಕಾಯಿ ಸಿಕ್ಕಿದರೆ ಸುಲಿದು ಅರ್ಧ ನನಗೆ, ಅರ್ಧ ಅವರಿಗೆ. ಮಳೆಗಾಲ ಬರುವ ಹೊತ್ತಿಗೆ ಒಂದು ದಿನ ನನಗೇ ಗೊತ್ತಿಲ್ಲದೆ "ಪಾವು" ಅಂದೆ. ಮೇಡಂ ಸೀಟಿ ಊದಿದರು.

ಆ ವರ್ಷ ತುಮಕೂರಿನಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ. ನಮ್ಮ ಶಾಲೆಯಿಂದ ಹೋದವಳು ನಾನೊಬ್ಬಳೇ. ಹೆಡ್‌ಮಾಸ್ಟರು ಬಂದಿದ್ದರು, ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹೋಗಿ ನೋಡಿದರೆ ನೆಲಕ್ಕೆ ಹಾಸಿದ್ದು ತೆಳ್ಳನೆಯ ಚಾಪೆ, ಅದರ ಕೆಳಗೆ ಗಾರೆ. ಮೇಡಂ ಬರಿಗಾಲಲ್ಲಿ ಅದರ ಮೇಲೆ ನಡೆದು ಬಂದರು. ನನ್ನ ಹೆಸರು ಕೂಗುವ ಮುಂಚೆ ಕಿವಿಯಲ್ಲಿ ಕೇಳಿದರು, "ಎಷ್ಟು?"

ಅಪ್ಪನ ಅಂಗಿ ನೋಡಿದೆ. ಅಳು ಬಂತು. "ಸೇರು" ಅಂದೆ.

ಮೇಡಂ ನೇರ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ, "ನಮ್ಮುಡುಗಿ ಹಾರಲ್ಲ" ಅಂದುಬಿಟ್ಟರು. ಹೆಡ್‌ಮಾಸ್ಟರು ಎಲ್ಲರೆದುರಿಗೇ ಅವರ ಮೇಲೆ ಕೂಗಾಡಿದರು. ಇಷ್ಟು ದೂರ ಕರಕೊಂಡು ಬಂದು ಮಾನ ಕಳೆದಿರಿ, ಮಗುವಿಗೆ ಧೈರ್ಯ ತುಂಬೋದು ಬಿಟ್ಟು ಹೆದರಿಸಿ ಇಟ್ಟಿದ್ದೀರಿ ಅಂತೆಲ್ಲ. ಮೇಡಂ ಸೀಟಿ ಹಿಡಿದುಕೊಂಡು ನಿಂತಿದ್ದರು. ಆ ಹೊತ್ತಿನಲ್ಲಿ ನನಗೂ ಅವರ ಮೇಲೇ ಸಿಟ್ಟು. ಕೇಳದೆ ಇದ್ದಿದ್ದರೆ ಹಾರಿರುತ್ತಿದ್ದೆನಲ್ಲ, ಯಾಕೆ ಕೇಳಬೇಕಿತ್ತು?

ವಾಪಸು ಬರುವಾಗ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಮೇಡಂ ಬೇಯಿಸಿದ ಕಡ್ಲೆಕಾಯಿ ತಂದು ಕೊಟ್ಟರು. ನಾನು ಮುಖ ತಿರುಗಿಸಿ ಕಿಟಕಿಯಲ್ಲಿ ಬೆಟ್ಟ ನೋಡುತ್ತ ಕೂತೆ.

"ತಿರುಗಿಸ್ಕ, ತಿರುಗಿಸ್ಕ" ಅಂದರು ಮೇಡಂ ಮೆಲ್ಲಗೆ. "ನಿಂಗೆ ಕತ್ತು ತಿರುಗ್ತದಲ್ಲ, ಅಷ್ಟು ಸಾಕು ನಂಗೆ."

ಆ ಮಾತಿಗೆ ಆಗ ಇನ್ನೂ ಸಿಟ್ಟು ಬಂತು. ಮರುವಾರವೇ, ತುಮಕೂರಿನಲ್ಲಿ ಹಾಕದೆ ಬಂದ ಆ ಲಾಗವನ್ನು ಗುಂಡಿಯ ಮೇಲೆ ಹಾಕಿದೆ, ಮುಂದೆ ಕಾಲೇಜಿನಲ್ಲಿ ಗಾರೆಯ ಮೇಲಿನ ಚಾಪೆಯಲ್ಲೂ ಹಾಕಿದೆ. ದೊಡ್ಡ ಹೆಸರೇನೂ ಬರಲಿಲ್ಲ. ಕೈ ಕಾಲು ಕತ್ತು ಎಲ್ಲ ನೆಟ್ಟಗಿವೆ.

ಈಗ ನಾನೂ ಪಿ.ಟಿ. ಟೀಚರು, ಕೊಳಾಲದ ಕಡೆಯ ಒಂದು ಹೈಸ್ಕೂಲಿನಲ್ಲಿ. ಮಧುಗಿರಿಯಿಂದ ದಿನಾ ಬಸ್ಸು. ಆಟದ ಪೀರಿಯಡ್ಡು ಅಂದರೆ ಗಣಿತದವರಿಗೆ ಬಿಟ್ಟುಕೊಡುವ ಪೀರಿಯಡ್ಡು ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಉಳಿದ ಹೊತ್ತಿಗೆ ಚುನಾವಣೆ ಡ್ಯೂಟಿ, ಸಮೀಕ್ಷೆ, ಬಿಸಿಯೂಟದ ಮೊಟ್ಟೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ. ನಮ್ಮ ಹೊಲದ ಮೇಲೆ ಈಗ ಸೋಲಾರಿನ ಗಾಜಿನ ಹಲಗೆ, ಸಿಪ್ಪೆಗೆ ಸಿರಾದ ತನಕ ಓಡಾಡಬೇಕು. ಆದರೂ ಒಂದು ಗುಂಡಿ ಇಟ್ಟುಕೊಂಡಿದ್ದೇನೆ. ಈಗಿನ ಮಕ್ಕಳಿಗೆ ಪಾವು ಸೇರು ಗೊತ್ತಿರಲಿಲ್ಲ, ಅಡುಗೆಯವರ ಹತ್ತಿರ ಇದ್ದ ಹಳೆಯ ಅಳತೆಗಳನ್ನು ತೋರಿಸಿ ಕಲಿಸಿದೆ.

ಹೋದ ವರ್ಷ ಮೇಡಂಗೆ ಆ ಹಳೆಯ ಪೆಟ್ಟು ತಿರುಗಿಕೊಂಡಿತು. ಕೈಯಲ್ಲಿ ಲೋಟ ನಿಲ್ಲದು, ಕಾಲು ಎಲ್ಲಿಟ್ಟೆ ಅಂತ ಗೊತ್ತಾಗದು. ಕತ್ತಿನ ಮೂಳೆಗೆ ಆಪರೇಶನ್ ಮಾಡಲೇಬೇಕು, ತಡ ಮಾಡಿದರೆ ಪೂರ್ತಿ ಮಲಗಿಬಿಡುತ್ತಾರೆ ಅಂದರು ಡಾಕ್ಟರು. ನಾನು ಆಸ್ಪತ್ರೆಗೆ ಹೋದಾಗ ಮಂಚದ ಸುತ್ತ ಅಣ್ಣನ ಮಕ್ಕಳು, ನೆಂಟರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಏನೂ ಆಗಲ್ಲ ಅತ್ತೆ, ಏನೂ ಆಗಲ್ಲ." ಮೇಡಂ ಸೂರು ನೋಡುತ್ತ ಮಲಗಿದ್ದರು.

ಅವರೆಲ್ಲ ಕಾಫಿಗೆ ಎದ್ದು ಹೋದ ಮೇಲೆ ನಾನು ಅವರ ಕಣ್ಣಿಗೆ ಕಾಣುವ ಹಾಗೆ ಮೇಲೆ ಬಗ್ಗಿ ಕೇಳಿದೆ: "ಎಷ್ಟು ಮೇಡಂ?"

ಅವರ ಕಣ್ಣು ಅರಳಿದವು. ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. "ಸೇರು ಕಣೇ" ಅಂದರು. "ಮೇಲೊಂದು ಹಿಡಿ ಗೋಪುರ."

ನಾನೇನು ಮಾಡಲಿ? ಯಾವ ಮೇಜಿನ ಹತ್ತಿರ ಹೋಗಿ "ನಮ್ಮ ಮೇಡಂ ಹಾರಲ್ಲ" ಅನ್ನಲಿ? ಹಾರದೆ ವಿಧಿಯಿಲ್ಲದ ಹಾರಾಟ ಅದು. ಏನೂ ಆಗಲ್ಲ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಪಕ್ಕದಲ್ಲಿರ್ತೀನಿ ಮೇಡಂ" ಅಂದೆ. ಚೀಲದಲ್ಲಿದ್ದ ಕಡ್ಲೆಕಾಯಿ ತೆಗೆದು ಸುಲಿಯುತ್ತ ಕೂತೆ. ಅರ್ಧ ಅವರ ಬಾಯಿಗೆ, ಅರ್ಧ ನನಗೆ. ಮಾರನೇ ದಿನ ಆಪರೇಶನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಬಾಗಿಲ ತನಕ ಕೈ ಹಿಡಿದುಕೊಂಡಿದ್ದೆ.

ಆಪರೇಶನ್ ಚೆನ್ನಾಗಿ ಆಯಿತು ಅಂದರು. ಅದಾದ ಮೇಲೆ ಎದೆಯಲ್ಲಿ ಕಫ ಕಟ್ಟಿತು, ಮನೆಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮಾರನೇ ದಿನವೇ ಶಾಲೆಗೆ ಹೋದೆ, ರಜೆ ಹಾಕಿ ಮನೆಯಲ್ಲಿ ಕೂರುವುದಕ್ಕೂ ಶಕ್ತಿ ಬೇಕಲ್ಲ. ಚಪ್ಪಲಿ ಬಿಟ್ಟು ಗುಂಡಿಗೆ ಇಳಿದು ನಡೆದೆ. ಹುಡುಗಿಯರು ಸಾಲಾಗಿ ನಿಂತಿದ್ದರು. ನಾನು ಕೇಳದಿದ್ದರೂ ಅವರೇ ಒಬ್ಬೊಬ್ಬರಾಗಿ ಹೇಳಿದರು. "ಪಾವು ಮಿಸ್." "ಚಟಾಕು ಮಿಸ್." ಕೊನೆಯಲ್ಲಿದ್ದವಳು ತಲೆ ತಗ್ಗಿಸಿ, "ಸೇರು ಮಿಸ್" ಅಂದಳು.

ಅವಳ ಕೈ ಹಿಡಿದುಕೊಂಡು ದಂಡೆಯಲ್ಲಿ ಕೂತೆ. "ನಂದೂ ಸೇರೇ ಕಣಮ್ಮ ಇವತ್ತು" ಅಂದೆ. ಇಬ್ಬರೂ ಕಲ್ಲು ಆರಿಸಿದೆವು.