‘ಬಡ್ಡಿ’ ಹಾಡಿನ ಅಸಲು ಕೈ

ಸ್ಯಾನ್ ಹೋಸೆ ಹತ್ತಿರದ ಮಿಲ್ಪಿಟಾಸಿನ ಫ್ರೀವೇ ಪಕ್ಕ, ಗ್ರೋಸರಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಬೆಳಕು ಹರಿಯುವ ಮೊದಲೇ ಸದ್ದು ಶುರುವಾಗುತ್ತದೆ. ಜೋಳದ ಹಿಟ್ಟಿನ ಮೇಲೆ ನಾಗವ್ವನ ಅಂಗೈ ಬೀಳುತ್ತದೆ. ಎರಡು ಗಟ್ಟಿ ಪೆಟ್ಟು, ಒಂದು ಮೆತ್ತನೆಯದು, ರೊಟ್ಟಿ ತಿರುಗಿಸಲು ಒಂದಿಷ್ಟು ಬಿಡುವು. ಮತ್ತೆ ಎರಡು ಗಟ್ಟಿ ಪೆಟ್ಟು.

ಈ ಸದ್ದನ್ನು ನೀವೂ ಕೇಳಿದ್ದೀರಿ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ಹುಡುಗ ಆಕಾಶನ ಮೊದಲ ರ‍್ಯಾಪ್ ಆಲ್ಬಮ್ಮು ಭರ್ಜರಿ ಮಾರಾಟವಾಗಿದೆ, ಅವನ ಶೋಗಳಿಗೆ ಟಿಕೆಟ್ಟು ಸಿಗುತ್ತಿಲ್ಲ. ಎಲ್ಲರ ಬಾಯಲ್ಲಿರುವ ಹಾಡು ‘ಬಡ್ಡಿ’. ಇಂಗ್ಲಿಷಿನಲ್ಲಿ ಗೆಳೆಯ ಅಂತ ಅರ್ಥ. ಅದರ ತಾಳ ನಾಗವ್ವನ ಅಂಗೈಯದು. ನಡುನಡುವೆ ಬರುವ ದನಿಯೂ ಅವರದೇ. ಆಲ್ಬಮ್ಮಿನಲ್ಲಿ ಆಕಾಶನಿಗೆ ಟೋಪಿ ಕೊಟ್ಟ ಅಂಗಡಿಯ ಹೆಸರೂ ಇದೆ. ನಾಗವ್ವನ ಜಾಗದಲ್ಲಿ ಮಾತ್ರ ‘ಹಳೆಯ ಜನಪದ ದನಿ, ಹೆಸರು ತಿಳಿದಿಲ್ಲ’ ಎಂದಿದೆ.

ತಿಳಿದಿಲ್ಲವಂತೆ! ಇವರ ಕೈತುತ್ತು ತಿಂದು ಬೆಳೆದವನಿಗೆ!

ಗದಗ-ಬೆಟಗೇರಿಯ ನಾಗವ್ವ ಮಗಳ ಬಾಣಂತನಕ್ಕೆಂದು ಬಂದವರು ಇಲ್ಲೇ ಉಳಿದರು. ಆಫೀಸಿಗೆ ಹೋಗುವವರ ಮಕ್ಕಳನ್ನು ಮನೆಯಲ್ಲೇ ನೋಡಿಕೊಂಡರು. ಅವರಲ್ಲಿ ಆಕಾಶನೂ ಒಬ್ಬ. ಅಮ್ಮ ಬಿಟ್ಟುಹೋದರೆ ಸಂಜೆಯವರೆಗೂ ಅಳುತ್ತಿದ್ದ. ನಾಗವ್ವ ಒಂದು ಹಿಡಿ ಹಿಟ್ಟು ಕೊಟ್ಟು, “ಬಡಿ ತಮ್ಮಾ, ಬಡಿ” ಅನ್ನುತ್ತಿದ್ದರು. ರೊಟ್ಟಿ ಬಡಿ ಅಂದದ್ದು ಅವನ ಕಿವಿಗೆ ‘ಬಡ್ಡಿ’ ಅಂತ ಬಿತ್ತು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ನಾಗವ್ವ ಈ ಅಡುಗೆಮನೆ ಸೇರಿದರು. ಹೋದ ವರ್ಷ ಇಲ್ಲಿಗೇ ಬಂದ ಆಕಾಶ ಬಿಸಿರೊಟ್ಟಿ ತಿಂದು, ಫೋನಿನಲ್ಲಿ ಬಡಿತದ ಸದ್ದನ್ನೂ ‘ಬಡಿ ತಮ್ಮಾ’ ಅನ್ನುವ ದನಿಯನ್ನೂ ಹಿಡಿದುಕೊಂಡು ಹೋದ.

ಹಾಡನ್ನು ಮೊದಲು ಗುರುತಿಸಿದ್ದು ಜೊತೆಗೆ ದುಡಿಯುವ ಮಂಡ್ಯದ ಹೇಮಶ್ರೀ. “ನಾಗವ್ವೋರೆ, ನಿಮ್ ವಾಯ್ಸು ಕಣ್ರೀ ಇದು! ಗೆಳೆಯ ಅಂತೆ, ಗೆಳೆಯ! ಆ ಮುಂಡೇದು ಹೆಸ್ರೂ ಹಾಕಿಲ್ವಲ್ರೀ!”

ನಾಗವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರುತ್ತಾರೆ. “ನಾ ಬಡಿ ಅಂದ್ನಿ, ಅವ ಬಡ್ಡಿ ಮಾಡಿದ. ಬಡ್ಡಿ ಅವಗ ಹೋತು. ಅಸಲು ಇಲ್ಲೇ ಹಿಟ್ಟು ನಾದಕೋತ ನಿಂತೈತಿ ನೋಡವಾ.”

ಕಳೆದ ವಾರ ಅವನದೇ ಫೋನು. “ಅಜ್ಜೀ! ಸ್ಯಾನ್ ಹೋಸೆ ಶೋಗೆ ಬನ್ನಿ, ಪ್ಲೀಸ್. ಸ್ಟೇಜ್ ಮೇಲೆ ಲೈವ್ ರೊಟ್ಟಿ! ಇಟ್ಸ್ ಎ ಟ್ರಿಬ್ಯೂಟ್!”

“ಬರ್ತೀನಪಾ. ಮೈಕಿನ್ಯಾಗ ಏನಂತ ಕರಿತಿ?”

“ಅಜ್ಜಿ ಅಂತ. ಎವ್ರಿಬಡಿ ಲವ್ಸ್ ಅಜ್ಜಿ!”

“ಅಜ್ಜಿ ಎಲ್ಲಾರ ಮನ್ಯಾಗೂ ಇರ್ತಾಳ. ನನ್ನ ಹೆಸರು ಹೇಳು.”

ಅವನು “ಅದೂ… ಅಜ್ಜೀ…” ಎಂದು ತಡವರಿಸುತ್ತಾನೆ. ಸ್ಪೀಕರಿನಲ್ಲಿ ಕೇಳುತ್ತಿದ್ದ ಹೇಮಶ್ರೀ ಹೇಳಿಕೊಡಲು ಬಾಯಿ ತೆರೆದರೆ, ನಾಗವ್ವ ಹಿಟ್ಟಿನ ಕೈಯಲ್ಲೇ ಆ ಬಾಯಿ ಮುಚ್ಚುತ್ತಾರೆ. ಕೊನೆಗೆ ಅವನೆಂದ, “ಮಾಮ್‌ನ ಕೇಳಿ ಹೇಳ್ತೀನಿ.”

“ಅವರವ್ವ ನನ್ನ ಡೇಕೇರ್ ಆಂಟಿ ಅಂತಿದ್ಲು,” ಎಂದು ನಗುತ್ತಾರೆ ನಾಗವ್ವ.

ಶೋ ಈ ಶನಿವಾರ. ಫೋನು ಇನ್ನೂ ಬಂದಿಲ್ಲ. ನಾಗವ್ವ ಮುಂದಿನ ಉಂಡೆ ಎತ್ತಿಕೊಳ್ಳುತ್ತಾರೆ.

“ಹಾಡ್ಲಿ, ಬ್ಯಾಡ ಅನ್ನಂಗಿಲ್ಲ. ಅಷ್ಟುದ್ದ ಮಾತು ಉಸಿರು ಬಿಡದಂಗ ಆಡ್ತಾನಲ್ಲ, ನಾಗವ್ವ ಅನ್ನಾಕ ಮೂರಕ್ಷರ ಅಷ್ಟ. ಅಷ್ಟು ಅಂದ್ರ ಈ ಕೈ ಸ್ಟೇಜ್ ಮ್ಯಾಲೆ ಬರತೈತಿ. ಅನ್ನಲಿಲ್ಲ ಅಂದ್ರ ಅವನ ರೊಟ್ಟಿ ಅವನೇ ಬಡಕೊಳ್ಳಲಿ. ಒಂದಾದ್ರೂ ದುಂಡಗ ಬರತೈತೇನು, ನೋಡೂಣು.”