ಸೆಕ್ರೆಟರಿ ವಿಜಯಮ್ಮ

ಇಂದಿರಾಪುರಂನ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೊಟ್ಟಮೊದಲು ಹಾಲುಕ್ಕಿಸಿದವರು ವಿಜಯಮ್ಮ. ಆಗ ಅವರಿಗೆ ನರಿಗಳಷ್ಟೇ ನೆರೆಹೊರೆ. ಇಪ್ಪತ್ತೆರಡು ವರ್ಷಗಳಿಂದ ಅವರೇ ಸೆಕ್ರೆಟರಿ, ಚುನಾವಣೆಯಲ್ಲಿ ಎದುರು ನಿಲ್ಲುವವರಿಲ್ಲ. ಬೆಳಿಗ್ಗೆ ಅವರು ಸುತ್ತು ಹೊರಟರೆ ಕಾವಲುಗಾರನ ಟೋಪಿ ನೆಟ್ಟಗಾಗುತ್ತದೆ, ನಿವೃತ್ತ ಕರ್ನಲ್ಲರೂ ಅಡ್ಡ ನಿಲ್ಲಿಸಿದ ಕಾರನ್ನು ಸದ್ದಿಲ್ಲದೆ ಸರಿಸುತ್ತಾರೆ, ಪಾರಿವಾಳಗಳು ಸಹ ಪಕ್ಕದ ಕಟ್ಟಡಕ್ಕೆ ಹಾರುತ್ತವೆ. ಯಾರು ಏನೇ ವಾದಿಸಲಿ, "ಅಚ್ಛಾ, ಆದ್ರೆ ನಿಯಮ ಏನು ಹೇಳುತ್ತೆ?" ಎಂದು ಅವರು ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಈಗ ಅವರ ಎರಡೂ ಮಂಡಿ ಸವೆದಿವೆ. "ಹತ್ತನೇ ಮಹಡಿ ಸಾಕು ಕಣೇ, ಕೆಳಗೊಂದು ಮನೆ ಖಾಲಿಯಾಗಿದೆ," ಎಂದರು ಗಂಡ ದಕ್ಷಿಣಾಮೂರ್ತಿ. "ಲಿಫ್ಟ್ ಕೆಟ್ಟಾಗ ಹತ್ತೋರ ಕಷ್ಟ ಕೆಳಗೆ ಕೂತ ಸೆಕ್ರೆಟರಿಗೆ ಏನ್ರೀ ಗೊತ್ತಾಗುತ್ತೆ? ಹುದ್ದೆ ಬಿಟ್ಟ ದಿನ ಇಳಿಯೋಣ," ಎಂದ ವಿಜಯಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದರು.